ಮನೆಯ ಕಮ್ಮಟ: ಅಜ್ಜಿಯ ಹಲಗೆಗೆ ಬಂದ ಮರೆವು

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ನಾವು ಒಂದು ಮಾತನ್ನು ಬಹಳ ಧೈರ್ಯದಿಂದ ಬರೆದಿದ್ದೆವು. ಆರ್ಡುಯಿನೋ ಬೋರ್ಡಿಗೆ ಚಿಕ್ಕ ಪರದೆ ಜೋಡಿಸಿ ಆಟವಾಡುವ ಮಕ್ಕಳು, ಪ್ರೋಗ್ರಾಮನ್ನು ಬೋರ್ಡಿಗೆ ಏರಿಸುವ ಮುನ್ನ ಕಂಪ್ಯೂಟರು ತೋರಿಸುವ ನೆನಪಿನ ಲೆಕ್ಕವನ್ನೊಮ್ಮೆ ನೋಡಿಕೊಂಡರೆ ಸಾಕು, ಅದು ಮುಕ್ಕಾಲಿಗಿಂತ ಕೆಳಗಿದ್ದರೆ ನಿಶ್ಚಿಂತರಾಗಿರಬಹುದು ಎಂಬುದೇ ಆ ಮಾತು. ಅದು ತಪ್ಪು. ಅಚ್ಚಿನಮನೆಯವರ ಮೇಲೆ ಹೊರೆ ಹೊರಿಸುವಂತಿಲ್ಲ. ತಪ್ಪು ಪೂರ್ತಿಯಾಗಿ ನಮ್ಮದು. ಅದನ್ನು ನಮಗೆ ತೋರಿಸಿಕೊಟ್ಟವಳು ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ. ತೋರಿಸುವ ಸಂದರ್ಭ ಬಂದುದು ಅವಳ ಅಜ್ಜಿಯ ಒಂದು ರಾತ್ರಿಯ ಮಾತ್ರೆ ತಪ್ಪಿಹೋದುದರಿಂದ. ಆದ್ದರಿಂದ ಈ ಸಲ ಹೊಸ ಆಟಿಕೆಯ ವಿಚಾರ ಬೇಡ. ಹಳೆಯ ಲೆಕ್ಕವನ್ನೇ ತಿದ್ದೋಣ.

ಸಂಘದ ವಾಚನಾಲಯದ ಹಿಂದಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ನಮ್ಮ ಕಮ್ಮಟಕ್ಕೆ ಡೊಂಬಿವಲಿಯಿಂದ ಬರುವ ಹುಡುಗಿ ಇವಳು. ಅಜ್ಜಿ ಧಾರವಾಡದ ಕಡೆಯವರು. ಮಗನ ಮನೆಗೆ ಬಂದು ಕೆಲವು ವರ್ಷಗಳಾದುವು. ಕನ್ನಡವಲ್ಲದೆ ಬೇರೆ ಲಿಪಿ ಓದಲಾರರು. ಮನೆಯಲ್ಲಿ ಎಲ್ಲರೂ ಎಂಟು ಗಂಟೆಯ ಲೋಕಲ್ ಹಿಡಿಯುವವರು. ಹಗಲು ಅಜ್ಜಿ ಒಬ್ಬರೇ. ದಿನಕ್ಕೆ ನಾಲ್ಕು ಹೊತ್ತು ಮಾತ್ರೆ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ. ತೆಗೆದುಕೊಂಡೆನೋ ಇಲ್ಲವೋ ಎಂಬ ಸಂದೇಹ ಅವರಿಗೆ ದಿನಕ್ಕೆರಡು ಸಲ ಬರುತ್ತಿತ್ತು. ಇದಕ್ಕಾಗಿ ಮೊಮ್ಮಗಳು ಒಂದು ಹಲಗೆಯನ್ನು ಮಾಡಿದಳು. ಆರ್ಡುಯಿನೋ ಊನೋ ಬೋರ್ಡು, ಬೆರಳುದ್ದದ ಓಲೆಡ್ ಪರದೆ, ಹೊತ್ತು ಹೇಳುವ ಡಿಎಸ್೩೨೩೧ ಎಂಬ ಗಡಿಯಾರದ ಚಿಪ್, ಒಂದು ಬಜರ್, ಒಂದು ಗುಂಡಿ. ಸಾಮಾನೆಲ್ಲ ಲ್ಯಾಮಿಂಗ್ಟನ್ ರೋಡಿನದು. ಹೊತ್ತಾದಾಗ ಬಜರ್ ಕೂಗಿ ಪರದೆಯ ಮೇಲೆ ‘ಮಾತ್ರೆ ತಗೊಳ್ಳಿ’ ಎಂದು ಬರುತ್ತದೆ. ಅಜ್ಜಿ ಗುಂಡಿ ಒತ್ತಿದರೆ ‘ಮಾತ್ರೆ ಆಯಿತು’. ಒಂದು ಗಂಟೆ ಕಳೆದ ಮೇಲೆ ‘ಇನ್ನೂ ಹೊತ್ತಿದೆ’. ಕೆಳಗೆ ಸಣ್ಣ ಅಂಕಿಗಳಲ್ಲಿ ಸಮಯ. ನೋಡಲು ಮುದ್ದಾಗಿತ್ತು. ನಾವೂ ಬೆನ್ನು ತಟ್ಟಿದೆವು.

ಇನ್ನು ನೆನಪಿನ ವಿಚಾರ. ಆರ್ಡುಯಿನೋ ೨೦೦೫ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ, ವಿದ್ಯಾರ್ಥಿಗಳ ಉಪಯೋಗಕ್ಕೆಂದು ಹುಟ್ಟಿದುದು. ಊನೋ ಬೋರ್ಡು ೨೦೧೦ರದು. ಅದರ ಹೃದಯವಾದ ಎಟಿಮೆಗಾ೩೨೮ಪಿ ಚಿಪ್ಪಿನಲ್ಲಿ ಮೂರು ಬಗೆಯ ನೆನಪು ಇದೆ. ಪ್ರೋಗ್ರಾಮು ಕೂಡುವ ಫ್ಲಾಶ್ ನಮ್ಮ ಉಗ್ರಾಣದಂತೆ: ೩೨ ಕಿಲೋಬೈಟು. ಅದರಲ್ಲಿ ನಮಗೆ ದಕ್ಕುವುದು ೩೨,೨೫೬ ಬೈಟು. ಕೆಲಸ ನಡೆಯುತ್ತಿರುವಾಗ ಬೇಕಾಗುವ ರ‍್ಯಾಮ್ ಅಡಿಗೆಯ ಕಟ್ಟೆ: ಬರೇ ೨,೦೪೮ ಬೈಟು. ವಿದ್ಯುತ್ತು ಹೋದರೂ ಅಳಿಯದ ಇಇಪ್ರಾಮ್ ಕಬ್ಬಿಣದ ಪೆಟ್ಟಿಗೆ: ೧,೦೨೪ ಬೈಟು. ಎರಡು ಸಾವಿರ ಬೈಟು ಎಂದರೆ ಎಷ್ಟು? ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಯೂನಿಕೋಡಿನ ಯುಟಿಎಫ್-೮ ಬರಹದಲ್ಲಿ ಮೂರು ಮೂರು ಬೈಟು ಬೇಕು. ‘ಕನ್ನಡ’ ಎಂದು ಬರೆದರೆ ಕ, ನ, ವಿರಾಮಚಿಹ್ನೆ, ಮತ್ತೆ ನ, ಡ. ಐದು ಚಿಹ್ನೆಗೆ ಹದಿನೈದು ಬೈಟು. ಹಾಗೆ ಲೆಕ್ಕ ಹಾಕಿದರೆ ಈ ಲೇಖನದ ಎಂಬತ್ತರ ಆಸುಪಾಸು ಪದಗಳಿಗೆ ಕಟ್ಟೆ ತುಂಬಿಹೋಗುತ್ತದೆ.

ಅಕ್ಷರಗಳ ಮಾತು ಬಂದುದರಿಂದ ಒಂದು ವಿಷಯ. ಇಂಗ್ಲಿಷ್ ಅಕ್ಷರಗಳು ಪರದೆಯ ಲೈಬ್ರರಿಯಲ್ಲಿಯೇ ಸಿದ್ಧವಾಗಿ ಬರುತ್ತವೆ. ಕನ್ನಡದ ಒತ್ತು, ಕೊಂಬು, ಏತ್ವಗಳನ್ನು ಕೂಡಿಸಿ ‘ತ್ರೆ’ ಎಂದು ಬರೆಯುವ ವಿದ್ಯೆ ಆ ಲೈಬ್ರರಿಗೆ ಇಲ್ಲ. ಆದ್ದರಿಂದ ಹುಡುಗಿ ಮೂರು ವಾಕ್ಯಗಳನ್ನೂ ಗ್ರಾಫ್ ಕಾಗದದ ಮೇಲೆ ಚೌಕ ತುಂಬಿ ಚಿತ್ರವಾಗಿ ಬರೆದಳು. ಅಡ್ಡ ೧೨೮ ಚುಕ್ಕೆ, ಎತ್ತರ ೩೨ ಚುಕ್ಕೆ. ಎಂಟು ಚುಕ್ಕೆಗೆ ಒಂದು ಬೈಟಿನಂತೆ ಒಂದು ವಾಕ್ಯಕ್ಕೆ ೫೧೨ ಬೈಟು, ಮೂರಕ್ಕೆ ೧,೫೩೬. ಅಜ್ಜಿ ಪಕ್ಕದಲ್ಲಿ ಕುಳಿತು ‘ತ್ರೆ’ಯ ಒತ್ತು ಸಣ್ಣದಾಯಿತು, ಇನ್ನೂ ಬಾಗಲಿ ಎಂದು ತಿದ್ದಿಸಿದರಂತೆ.

ಮೊದಲ ದಿನ ಪರದೆ ಹತ್ತಲೇ ಇಲ್ಲ. ಈ ಮೊದಲ ರೋಗ ಸುಲಭದ್ದು. ಪ್ರೋಗ್ರಾಮಿನಲ್ಲಿ ನಾವು ಬರೆದಿಡುವ ಚಿತ್ರ, ವಾಕ್ಯ, ಪಟ್ಟಿಗಳೆಲ್ಲ ಉಗ್ರಾಣದಲ್ಲಿ ಇರುವುದಲ್ಲದೆ, ಬೋರ್ಡು ಎಚ್ಚರಗೊಂಡೊಡನೆ ಕಟ್ಟೆಯ ಮೇಲಕ್ಕೂ ನಕಲಾಗುತ್ತವೆ. ಬದಲಾಗದ ವಸ್ತುವಿಗೂ ಇದೇ ಉಪಚಾರ. ಚಿತ್ರಗಳೇ ೧,೫೩೬ ಬೈಟು ನುಂಗಿದ ಮೇಲೆ ಪರದೆಗೆ ಎಲ್ಲಿಯ ಜಾಗ? ಕಂಪೈಲರೂ ಅಪಾಯದ ಎಚ್ಚರಿಕೆ ಕೊಟ್ಟಿತ್ತು. ಪರಿಹಾರವೆಂದರೆ ಚಿತ್ರದ ಪಟ್ಟಿಯ ಹೆಸರಿನ ಪಕ್ಕದಲ್ಲಿ ಪ್ರೋಗ್‌ಮೆಮ್ ಎಂಬ ಪದವನ್ನು ಸೇರಿಸುವುದು. ಆಗ ಚಿತ್ರ ಉಗ್ರಾಣದಲ್ಲಿಯೇ ಉಳಿದು, ಬೇಕಾದಾಗ ಮಾತ್ರ ಒಂದೊಂದು ಬೈಟಾಗಿ ಕೈಗೆ ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಕಾನ್‌ಸ್ಟ್ ಎಂದು ಮಾತ್ರ ಬರೆದು ಪ್ರೋಗ್‌ಮೆಮ್ ಮರೆತರೆ ಪಟ್ಟಿ ಕಟ್ಟೆಯ ಮೇಲೆಯೇ ಕೂಡುತ್ತದೆ, ಆದರೆ ಚಿತ್ರ ಬಿಡಿಸುವ ವಿಧಿ ಅದನ್ನು ಉಗ್ರಾಣದಲ್ಲಿ ಹುಡುಕುತ್ತದೆ. ಅಲ್ಲಿ ಅದೇ ವಿಳಾಸದಲ್ಲಿ ಬೇರೆ ಏನೋ ಇರುತ್ತದೆಯಾಗಿ ಪರದೆಯ ತುಂಬ ಇರುವೆ ಹರಿದಾಡಿದಂಥ ಕಸ ಮೂಡುತ್ತದೆ. ಪರದೆ ಕೆಟ್ಟಿದೆಯೆಂದು ಅದನ್ನು ಎಸೆದವರನ್ನು ನಾವು ಬಲ್ಲೆವು.

ಪ್ರೋಗ್‌ಮೆಮ್ ಸೇರಿಸಿದ ಮೇಲೆ ಹಲಗೆ ಜೀವಗೊಂಡಿತು. ಹುಡುಗಿಗೆ ಉತ್ಸಾಹ ಬಂದು ಒಂದು ದಿನಚರಿಯನ್ನೂ ಸೇರಿಸಿದಳು: ಅಜ್ಜಿ ಗುಂಡಿ ಒತ್ತಿದಾಗಲೆಲ್ಲ ಸಮಯದೊಂದಿಗೆ ‘ಮಾತ್ರೆ ಆಯಿತು’ ಎಂಬ ಒಂದು ಸಾಲು ನೆನಪಿನಲ್ಲಿ ಸೇರುತ್ತ ಹೋಗಬೇಕು, ರಾತ್ರಿ ಅಪ್ಪ ಬಂದಾಗ ಕಂಪ್ಯೂಟರಿಗೆ ಜೋಡಿಸಿ ಓದಬೇಕು. ಪ್ರೋಗ್ರಾಮನ್ನು ಏರಿಸುವಾಗ ಕಂಪೈಲರು ಹೇಳಿದ ಲೆಕ್ಕ ಹೀಗಿತ್ತು: ೬೫೦ ಬೈಟು ಬಳಕೆ, ಶೇಕಡ ೩೧, ಉಳಿದುದು ೧,೩೯೮. ಅರ್ಧವೂ ಇಲ್ಲ! ನಾವೂ ನೋಡಿ ತಲೆಯಾಡಿಸಿದೆವು.

ನಾಲ್ಕು ದಿನಗಳ ಅನಂತರ ಅವಳ ತಂದೆಯವರ ಫೋನು. ಹಿಂದಿನ ರಾತ್ರಿಯ ಮಾತ್ರೆ ಡಬ್ಬಿಯಲ್ಲಿಯೇ ಉಳಿದಿದೆ. ಅಜ್ಜಿಯನ್ನು ಕೇಳಿದರೆ, ‘ಹಲಿಗಿ ಮ್ಯಾಲೆ ಆಯಿತು ಅಂತ ಬರದಿತ್ತಲ್ಲ, ನಾ ಮತ್ತ ಯಾಕ ತಗೋಬೇಕು?’ ಎಂದರಂತೆ. ಹಲಗೆಯನ್ನು ನೋಡಿದರೆ ‘ಮಾತ್ರೆ ಆಯಿತು’ ಎಂದು ಆಗಲೂ ಉರಿಯುತ್ತಲೇ ಇತ್ತು; ಕೆಳಗಿನ ಸಮಯ ಹಿಂದಿನ ಸಂಜೆಯ ಆರು ಹನ್ನೆರಡರಲ್ಲಿ ನಿಂತಿತ್ತು. ಅದು ಸಂಜೆಯ ಮಾತ್ರೆಯ ಸುದ್ದಿ. ರಾತ್ರಿ ಬಜರ್ ಕೂಗಲಿಲ್ಲ. ಸಣ್ಣ ಅಂಕಿಗಳು ಕನ್ನಡಕವಿಲ್ಲದೆ ಅಜ್ಜಿಗೆ ಕಾಣುವುದಿಲ್ಲ. ಅನಾಹುತವೇನೂ ಆಗಲಿಲ್ಲ, ವೈದ್ಯರಿಗೂ ತಿಳಿಸಿದ್ದಾಯಿತು. ಆದರೆ ಹುಡುಗಿಯ ಮುಖ ಆ ಭಾನುವಾರ ನೋಡುವಂತಿರಲಿಲ್ಲ.

ಬೋರ್ಡು ಸತ್ತರೂ ಪರದೆ ಹೇಗೆ ಬೆಳಗುತ್ತಿತ್ತು ಎಂದು ಹಲವರು ಕೇಳಿದರು. ಈ ಓಲೆಡ್ ಪರದೆಯ ಹಿಂದೆ ಎಸ್‌ಎಸ್‌ಡಿ೧೩೦೬ ಎಂಬ ಬೇರೊಂದು ಚಿಪ್ ಇರುತ್ತದೆ. ಅದಕ್ಕೆ ತನ್ನದೇ ಆದ ನೆನಪು ಇದೆ. ಕೊನೆಗೆ ಬಂದ ಚಿತ್ರವನ್ನು ಅದು ಇಟ್ಟುಕೊಂಡು, ವಿದ್ಯುತ್ತು ಇರುವ ತನಕ ತಾನೇ ಬೆಳಗಿಸುತ್ತಿರುತ್ತದೆ. ಯಜಮಾನ ಮೂರ್ಛೆ ಹೋದರೂ ಆಳು ಕೊನೆಯ ಅಪ್ಪಣೆಯನ್ನೇ ಕೂಗುತ್ತ ನಿಂತಂತೆ. ಪರದೆ ಕಪ್ಪಾಗಿದ್ದರೆ ಅಜ್ಜಿ ಯಾರನ್ನಾದರೂ ಕೇಳುತ್ತಿದ್ದರು. ಬೆಳಗುತ್ತಿದ್ದುದೇ ಮೋಸವಾಯಿತು.

ಈಗ ನಮ್ಮ ತಪ್ಪಿನ ಕಥೆ. ಶೇಕಡ ೩೧ ಎಂಬ ಅಂಕಿ ನಮ್ಮ ತಲೆಯಲ್ಲಿ ಭದ್ರವಾಗಿ ಕುಳಿತಿತ್ತು. ‘ನೆನಪಿನ ತೊಂದರೆಯಲ್ಲ, ಮುಕ್ಕಾಲು ಪಾಲು ಖಾಲಿಯಿದೆ. ತಂತಿ ನೋಡು’ ಎಂದೆವು. ತಂತಿ ಬದಲಾಯಿಸಿದ್ದಾಯಿತು. ಮರುದಿನ ಸಂಜೆ ಮತ್ತೆ ನಿಂತಿತು. ಪರದೆ ಬದಲಾಯಿಸಿದ್ದಾಯಿತು. ನಿಂತಿತು. ವಿದ್ಯುತ್ತಿನ ಅಡಾಪ್ಟರು ಬದಲಾಯಿಸಿದ್ದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾವು ಮೂರು ಎಮ್ಮೆಗಳಿಗೆ ಬರೆ ಎಳೆದೆವು. ಮೂರು ವಾರ ಕಳೆಯಿತು. ಅಷ್ಟರಲ್ಲಿ ಹಿಂದಿನ ಸಂಚಿಕೆಯೂ ಅಚ್ಚಾಗಿ ಹೋಯಿತು. ಆ ದಿನಗಳಲ್ಲಿ ಅಜ್ಜಿಯ ಮಾತ್ರೆಗೆ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನ ಗೀಟೇ ಗತಿಯಾಯಿತು. ಅದು ಒಮ್ಮೆಯೂ ಕೆಡಲಿಲ್ಲ ಎಂಬುದನ್ನೂ ಇಲ್ಲಿ ಬರೆದುಬಿಡುವುದು ಪ್ರಾಮಾಣಿಕತೆ.

ಪ್ರತಿ ಸಲವೂ ಸಂಜೆಯೇ ನಿಲ್ಲುತ್ತದಲ್ಲ, ತಂತಿಗೆ ಸಂಜೆ ಬೆಳಗಿನ ಭೇದವೇನು ಎಂದು ಕೇಳಿದವಳು ಹುಡುಗಿ. ನಮಗೆ ಹೊಳೆಯಬೇಕಾಗಿದ್ದ ಪ್ರಶ್ನೆ. ತಂತಿಯ ದೋಷ ಹೊತ್ತು ನೋಡಿ ಬರುವುದಿಲ್ಲ; ಕೈ ತಾಕಿದರೆ, ಅಲುಗಿದರೆ ಬರುತ್ತದೆ, ಹೋಗುತ್ತದೆ. ಪರದೆಯ ವಿಳಾಸ ತಪ್ಪಾಗಿದ್ದರೆ ಮೊದಲ ಕ್ಷಣದಿಂದಲೇ ಕತ್ತಲೆ. ನೆನಪಿನ ದೋಷದ ಚಹರೆ ಬೇರೆ: ಇಷ್ಟು ಕೆಲಸವಾದ ಮೇಲೆ ಎಂದು ಕಟ್ಟಿಟ್ಟಂತೆ ಅದೇ ಹಂತದಲ್ಲಿ ಬರುತ್ತದೆ. ಇನ್ನೊಂದು ಗುರುತೂ ಉಂಟು. ಸಂಬಂಧವೇ ಇಲ್ಲದ ಒಂದು ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದರೆ ಅಥವಾ ತೆಗೆದರೆ ರೋಗದ ಲಕ್ಷಣ ಬದಲಾಗಿಬಿಡುತ್ತದೆ. ಹೀಗೆ ಆದಲ್ಲಿ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ಲೆಕ್ಕದ ಪುಸ್ತಕವನ್ನು ತೆಗೆಯಬೇಕು.

ಕಂಪೈಲರಿನ ಲೆಕ್ಕ ಸುಳ್ಳಲ್ಲ, ಅರ್ಧ ಮಾತ್ರ. ಪ್ರೋಗ್ರಾಮು ಶುರುವಾಗುವ ಮುನ್ನವೇ ಕಾದಿರಿಸಿದ ಜಾಗವನ್ನಷ್ಟೇ ಅದು ಎಣಿಸುತ್ತದೆ. ನಡೆಯುತ್ತಿರುವಾಗ ಕೇಳಿ ಪಡೆಯುವ ಜಾಗ ಅದರ ಕಣ್ಣಿಗೆ ಬೀಳುವುದಿಲ್ಲ. ಬಹುಮಂದಿ ಬಳಸುವ ಏಡಾಫ್ರೂಟಿನ ಎಸ್‌ಎಸ್‌ಡಿ೧೩೦೬ ಲೈಬ್ರರಿ ಪರದೆಯ ಇಡೀ ಚಿತ್ರದ ಒಂದು ನಕಲನ್ನು ರ‍್ಯಾಮಿನಲ್ಲಿ ಇಟ್ಟುಕೊಂಡು ಅದರ ಮೇಲೆ ಬರೆಯುತ್ತದೆ. ೧೨೮ನ್ನು ೬೪ರಿಂದ ಗುಣಿಸಿ ಎಂಟರಿಂದ ಭಾಗಿಸಿ: ೧,೦೨೪ ಬೈಟು. ಕಟ್ಟೆಯ ಸರಿಯಾಗಿ ಅರ್ಧ! ಈ ಜಾಗವನ್ನು ಅದು ಪಡೆಯುವುದು ಪರದೆಯನ್ನು ಆರಂಭಿಸುವ ಬಿಗಿನ್ ಎಂಬ ವಿಧಿಯ ಒಳಗೆ. ಇದು ಲೈಬ್ರರಿಯ ದೋಷವಲ್ಲ. ಜಾಗ ಸಿಗದಿದ್ದರೆ ಬಿಗಿನ್ ‘ಇಲ್ಲ’ ಎಂದು ಉತ್ತರವನ್ನೂ ಕೊಡುತ್ತದೆ. ಆ ಉತ್ತರವನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುವವರು ನಾವು. ಅಂತೂ ಹಲಗೆಯ ನಿಜವಾದ ಲೆಕ್ಕ ಶೇಕಡ ೩೧ ಅಲ್ಲ. ೬೫೦ಕ್ಕೆ ೧,೦೨೪ ಸೇರಿಸಿದರೆ ೧,೬೭೪. ಉಳಿದುದು ೩೭೪ ಬೈಟು ಮಾತ್ರ.

ಆ ೩೭೪ರಲ್ಲಿ ಇಬ್ಬರ ಸಂಸಾರ. ಒಂದೇ ಕಟ್ಟೆಯ ಎರಡು ತುದಿಗಳಲ್ಲಿ ಇಬ್ಬರು ವಾರಗಿತ್ತಿಯರು ಅಡಿಗೆ ಮಾಡುತ್ತಿದ್ದಾರೆಂದು ಭಾವಿಸಿ. ಒಬ್ಬಳ ಹೆಸರು ಹೀಪ್. ಕೇಳಿದಷ್ಟು ಪಾತ್ರೆ ಇಳಿಸಿ ಇಡುತ್ತಾಳೆ, ಹಿಂದಿರುಗಿಸಿ ಎಂದು ಹೇಳುವ ತನಕ ತೆಗೆಯುವುದಿಲ್ಲ. ಈ ಕಡೆಯಿಂದ ಆ ಕಡೆಗೆ ಹಬ್ಬುತ್ತಾಳೆ. ಇನ್ನೊಬ್ಬಳು ಸ್ಟ್ಯಾಕ್. ಒಂದೊಂದು ವಿಧಿಯನ್ನು ಕರೆದಾಗಲೂ ತಟ್ಟೆಯ ಮೇಲೆ ತಟ್ಟೆ ಪೇರಿಸುತ್ತ ಎದುರಿನಿಂದ ಬರುತ್ತಾಳೆ, ಕೆಲಸ ಮುಗಿದೊಡನೆ ಎತ್ತಿಕೊಂಡು ಹಿಂದೆ ಸರಿಯುತ್ತಾಳೆ. ಹೀಪಿಗೆ ಒಂದಿಷ್ಟು ಮರ್ಯಾದೆ ಕಲಿಸಲಾಗಿದೆ: ಪಾತ್ರೆ ಇಡುವಾಗ ಎದುರಿನವಳು ನಿಂತಿರುವಲ್ಲಿಂದ ೧೨೮ ಬೈಟು ಅಂತರ ಬಿಡುತ್ತಾಳೆ, ಜಾಗ ಸಾಲದಿದ್ದರೆ ಇಲ್ಲವೆನ್ನುತ್ತಾಳೆ. ಆದರೆ ಸ್ಟ್ಯಾಕ್ ಮುಂದೆ ಬರುವಾಗ ನೋಡುವವರು ಯಾರೂ ಇಲ್ಲ. ಅವಳು ಹೀಪಿನ ಪಾತ್ರೆಯ ಮೇಲೆಯೇ ತಟ್ಟೆ ಇಟ್ಟುಬಿಡುತ್ತಾಳೆ. ಆ ಕ್ಷಣದಲ್ಲಿ ಏನೂ ಆಗದಿರಬಹುದು. ಅನಂತರ ಯಾವನೋ ಆ ಪಾತ್ರೆಗೆ ಏನನ್ನೋ ಸುರಿದಾಗ ತಟ್ಟೆಯಲ್ಲಿ ಬರೆದಿಟ್ಟಿದ್ದ ‘ಮರಳಿ ಹೋಗಬೇಕಾದ ವಿಳಾಸ’ ಅಳಿಸಿಹೋಗುತ್ತದೆ. ಚಿಪ್ ಎಲ್ಲಿಗೋ ಹೋಗಿ ಕಳೆದುಹೋಗುತ್ತದೆ. ದೊಡ್ಡ ಕಂಪ್ಯೂಟರಿನಂತೆ ಇಂಥ ತಪ್ಪನ್ನು ಹಿಡಿದು ಕೂಗುವ ಕಾವಲುಗಾರ ಈ ಚಿಪ್ಪಿನಲ್ಲಿ ಇಲ್ಲ.

ನಮ್ಮ ಹಲಗೆಯಲ್ಲಿ ಪಾತ್ರೆ ಇಳಿಸುತ್ತಿದ್ದುದು ದಿನಚರಿ. ‘ಮಾತ್ರೆ ಆಯಿತು’ ಎಂಬುದಕ್ಕೆ ೩೪ ಬೈಟು. ಸಮಯ, ಸಾಲಿನ ಕೊನೆ ಸೇರಿ ೪೧. ಇಷ್ಟೇನೂ ದೊಡ್ಡದಲ್ಲ. ಆದರೆ ಅವಳು ಸ್ಟ್ರಿಂಗ್ ಎಂಬ ಬಗೆಯನ್ನು ಬಳಸಿ ‘ದಿನಚರಿ ಎಂದರೆ ಹಳೆಯ ದಿನಚರಿ ಮತ್ತು ಹೊಸ ಸಾಲು’ ಎಂದು ಬರೆದಿದ್ದಳು. ಹಾಗೆ ಬರೆದಾಗ ಹಳೆಯದು ಇರುವಂತೆಯೇ ಹೊಸದರ ಪೂರ್ತಿ ನಕಲಿಗೂ ಒಂದು ಕ್ಷಣ ಜಾಗ ಬೇಕಾಗುತ್ತದೆ. ನಡುವೆ ಸಣ್ಣ ಸಣ್ಣ ಖಾಲಿ ಸಂದುಗಳು ಉಳಿದುಹೋಗುತ್ತವೆ. ಇತ್ತ ಪರದೆಗೆ ಬರೆಯುವ ವಿಧಿಯಲ್ಲಿ ೧೨೮ ಬೈಟಿನ ತಾತ್ಕಾಲಿಕ ಪಟ್ಟಿಯೊಂದು ಇತ್ತು. ಅದು ಸ್ಟ್ಯಾಕಿನ ಮೇಲೆ ಕೂಡುವಂಥದು. ಬೆಳಿಗ್ಗೆ ಇಬ್ಬರಿಗೂ ಜಾಗ. ಸಂಜೆಯ ಮೂರನೆಯ ಸಾಲಿಗೆ ಕೈಕೈ ತಾಗಿತು.

ಇದು ಊಹೆಯಾಗಿ ಉಳಿಯಲಿಲ್ಲ. ಉಳಿದ ಜಾಗವನ್ನು ಅಳೆಯುವ ಒಂದು ಪುಟ್ಟ ವಿಧಿಯನ್ನು ಹುಡುಗಿ ಬರೆದಳು, ಐದಾರು ಸಾಲಿನದು. ಆ ವಿಧಿಯೊಳಗೆ ಒಂದು ಸ್ಥಳೀಯ ಚರವನ್ನು ಘೋಷಿಸಿ ಅದರ ವಿಳಾಸ ತೆಗೆದುಕೊಂಡರೆ ಸ್ಟ್ಯಾಕಿನ ತುದಿ ಎಲ್ಲಿದೆಯೆಂದು ತಿಳಿಯುತ್ತದೆ. ಹೀಪಿನ ತುದಿಯ ವಿಳಾಸ ಬಿಆರ್‌ಕೆವ್ಯಾಲ್ ಎಂಬ ಹೆಸರಿನಲ್ಲಿ ಇರುತ್ತದೆ. ಹೆಸರಿನ ಹಿಂದೆ ಎರಡು ಅಡಿಗೆರೆ. ಹೀಪ್ ಇನ್ನೂ ಏನನ್ನೂ ಕೊಟ್ಟಿಲ್ಲದಿದ್ದರೆ ಅದು ಸೊನ್ನೆ. ಆಗ ಹೀಪ್‌ಸ್ಟಾರ್ಟ್ ಎಂಬುದರ ವಿಳಾಸವನ್ನು ಹಿಡಿಯಬೇಕು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ನಡುವಿನ ಖಾಲಿ ಜಾಗ. ಇದನ್ನು ಪರದೆಯನ್ನು ಆರಂಭಿಸಿದ ಮೇಲೆ ಅಳೆಯಬೇಕು, ಮುಂಚೆಯಲ್ಲ; ಮುಂಚೆ ಅಳೆದರೆ ಆ ೧,೦೨೪ ಬೈಟು ನಮ್ಮದೇ ಎಂಬ ಹಳೆಯ ಭ್ರಮೆಯೇ ಮುಂದುವರಿಯುತ್ತದೆ. ಹುಡುಗಿ ಗುಂಡಿ ಒತ್ತಿ ಒತ್ತಿ ನೋಡಿದಳು. ಮೊದಲು ೩೩೦ರ ಸುಮಾರು. ಬೆಳಗಿನ ಮತ್ತು ಮಧ್ಯಾಹ್ನದ ಸಾಲು ಸೇರಿದ ಮೇಲೆ ೨೫೦ಕ್ಕಿಂತ ಕಡಿಮೆ. ಸಂಜೆಯ ಸಾಲಿಗೆ ೧೫೦ರ ಹತ್ತಿರ. ಆಮೇಲೆ ಪರದೆಗೆ ಬರೆಯಹೋಗಿ ನಿಂತಿತು. ನಾವು ಮೂರು ವಾರ ಹುಡುಕಿದ ಕಳ್ಳ ಹತ್ತು ನಿಮಿಷದಲ್ಲಿ ಸಿಕ್ಕಿಬಿದ್ದ.

ದೊಡ್ಡ ಬೋರ್ಡು ಕೊಂಡರಾಯಿತಲ್ಲ ಎಂದು ಅವಳ ತಂದೆಯವರು ಹೇಳಿದರು. ಹೇಳುವುದು ಸರಿಯೆ, ೨೦೨೩ರಲ್ಲಿ ಬಂದ ಊನೋ ಆರ್೪ ಬೋರ್ಡಿನಲ್ಲಿ ೩೨ ಕಿಲೋಬೈಟು ರ‍್ಯಾಮ್ ಇದೆ, ಹದಿನಾರು ಪಟ್ಟು. ಹುಡುಗಿ ಒಪ್ಪಲಿಲ್ಲ. ಬೆಳೆಯುತ್ತಲೇ ಹೋಗುವ ದಿನಚರಿ ಸಂಜೆಗೆ ನಿಲ್ಲಿಸುವುದರ ಬದಲು ದಸರೆಗೆ ನಿಲ್ಲಿಸುತ್ತದೆ, ಅಷ್ಟೇ ವ್ಯತ್ಯಾಸ ಎಂದಳು. ಪುಣೆಯ ಓದುಗರೊಬ್ಬರು ಬರೆದ ಪತ್ರವೂ ಇದಕ್ಕೆ ಸಾಕ್ಷಿ. ಅವರದು ಇಎಸ್‌ಪಿ೩೨, ಒಳಗೆ ೫೨೦ ಕಿಲೋಬೈಟು. ಆದರೂ ೩೨೦ಕ್ಕೆ ೨೪೦ ಚುಕ್ಕೆಯ ಬಣ್ಣದ ಪರದೆಯ ಪೂರ್ತಿ ನಕಲಿಗೆ, ಚುಕ್ಕೆಗೆ ಎರಡು ಬೈಟಿನಂತೆ ೧,೫೩,೬೦೦ ಬೈಟು ಒಂದೇ ತುಂಡಾಗಿ ಬೇಕು. ಒಟ್ಟು ಖಾಲಿ ಅದಕ್ಕಿಂತ ಹೆಚ್ಚು ಇದ್ದರೂ ಒಂದೇ ತುಂಡಾಗಿ ಅಷ್ಟು ಇಲ್ಲದಿದ್ದರೆ ಸಿಗುವುದಿಲ್ಲ. ಅವರು ಒಟ್ಟು ಖಾಲಿಯನ್ನು ನೋಡದೆ ಅತಿ ದೊಡ್ಡ ತುಂಡು ಎಷ್ಟೆಂದು ಕೇಳಲಿ. ಸಾಲದಿದ್ದರೆ ಚುಕ್ಕೆಗೆ ಒಂದೇ ಬೈಟಿನ ಬಣ್ಣಕ್ಕೆ ಇಳಿದರೆ ೭೬,೮೦೦ಕ್ಕೆ ಮುಗಿಯುತ್ತದೆ, ಇಲ್ಲವೆ ಪರದೆಯನ್ನು ಪಟ್ಟಿಪಟ್ಟಿಯಾಗಿ ಬರೆಯಬಹುದು.

ಹಲಗೆಯ ದುರಸ್ತಿ ಒಂದು ಭಾನುವಾರದಲ್ಲಿ ಮುಗಿಯಿತು. ಕಂಪ್ಯೂಟರಿಗೆ ಕಳುಹಿಸುವ ಸೂಚನೆಯ ವಾಕ್ಯಗಳು ಒಂದು ಡಜನ್ ಇದ್ದುವು. ಇವೂ ಕಟ್ಟೆಯ ಮೇಲೆ ಕುಳಿತು ಸುಮಾರು ೩೦೦ ಬೈಟು ತಿನ್ನುತ್ತಿದ್ದುವು. ವಾಕ್ಯವನ್ನು ಎಫ್ ಎಂಬ ಒಂದಕ್ಷರದ ಆವರಣದೊಳಗೆ ಹಾಕಿದರೆ ಉಗ್ರಾಣದಲ್ಲಿಯೇ ಉಳಿಯುತ್ತದೆ, ಹಾಕಿದೆವು. ದಿನಚರಿಯ ಸ್ಟ್ರಿಂಗನ್ನು ತೆಗೆದುಹಾಕಿ ಕಬ್ಬಿಣದ ಪೆಟ್ಟಿಗೆಗೆ, ಅಂದರೆ ಇಇಪ್ರಾಮಿಗೆ ಒಪ್ಪಿಸಿದಳು. ದಿನಕ್ಕೊಂದು ಬೈಟು; ಅದರಲ್ಲಿ ನಾಲ್ಕು ಹೊತ್ತಿಗೆ ನಾಲ್ಕು ಬಿಟ್ಟು. ಆಯಿತು ಅಥವಾ ಇಲ್ಲ, ಇಷ್ಟೇ. ೧,೦೨೪ ಬೈಟಿಗೆ ೧,೦೨೪ ದಿನ, ಎರಡೂವರೆ ವರ್ಷಕ್ಕೂ ಮೇಲೆ. ಒಂದೊಂದು ಗೂಡನ್ನು ಲಕ್ಷ ಸಲ ತಿದ್ದಬಹುದೆಂಬ ಭರವಸೆ ಚಿಪ್ಪಿಗಿದೆ, ನಾವು ತಿದ್ದುವುದು ನಾಲ್ಕು ಸಲ. ವಿದ್ಯುತ್ತು ಹೋದರೂ ಲೆಕ್ಕ ಅಳಿಯುವುದಿಲ್ಲ. ಆ ೧೨೮ ಬೈಟಿನ ತಾತ್ಕಾಲಿಕ ಪಟ್ಟಿ ಏಕೆ ಇತ್ತೆಂದು ಯಾರಿಗೂ ನೆನಪಿರಲಿಲ್ಲ. ತೆಗೆದರೂ ಏನೂ ಕೆಡಲಿಲ್ಲ.

ಇನ್ನೂ ಇಕ್ಕಟ್ಟಾದ ಕಡೆ ಯು೮ಜಿ೨ ಎಂಬ ಲೈಬ್ರರಿ ಉಪಯೋಗಕ್ಕೆ ಬರುತ್ತದೆ. ಪರದೆಯನ್ನು ಎಂಟು ಪಟ್ಟಿಗಳಾಗಿ ಮಾಡಿ, ಒಂದು ಪಟ್ಟಿಗೆ ಬೇಕಾದ ೧೨೮ ಬೈಟನ್ನು ಮಾತ್ರ ಇಟ್ಟುಕೊಂಡು, ಅದೇ ಚಿತ್ರವನ್ನು ಎಂಟು ಸಲ ಬಿಡಿಸುತ್ತ ಹೋಗುವ ಒಂದು ಕ್ರಮ ಅದರಲ್ಲಿದೆ. ನಿಧಾನ, ಆದರೆ ಮಾತ್ರೆಯ ಹಲಗೆಗೆ ಅವಸರವೇನು? ಜ್ಞಾಪಕಕಾರ್ಡಿನ ಎಸ್‌ಡಿ ಲೈಬ್ರರಿ ತನಗೇ ೫೧೨ ಬೈಟು ಬೇಡುತ್ತದೆ. ಅದನ್ನೂ ಪೂರ್ತಿ ನಕಲಿನ ಓಲೆಡ್ಡನ್ನೂ ಊನೋದಲ್ಲಿ ಒಟ್ಟಿಗೆ ಇಡಲು ಹೊರಟವರು ಇಂಥ ಕ್ರಮವನ್ನು ಹಿಡಿಯದೆ ಉಪಾಯವಿಲ್ಲ.

ಇಷ್ಟಾದ ಮೇಲೂ ಅಜ್ಜಿ ಹಲಗೆಯನ್ನು ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ. ನಾವು ಖುದ್ದಾಗಿ ಹೋಗಿ, ಈಗ ನೆನಪಿನ ಲೆಕ್ಕ ಸರಿಹೋಗಿದೆ ಎಂದು ವಿವರಿಸಿದೆವು. ಅವರು ಚಹಾ ಕೊಟ್ಟು, ಎಲ್ಲವನ್ನೂ ಕೇಳಿ, ‘ಅದೆಲ್ಲಾ ಖರೆ. ಗ್ವಾಡಿ ಗಡಿಯಾರ ನಿಂತ್ರ ಟಿಕ್ ಟಿಕ್ ಅನ್ನೂದು ನಿಲ್ತದ, ನಿಂತೈತಿ ಅಂತ ಕಿವಿಗೆ ತಿಳೀತದ. ನಿಮ್ಮ ಈ ಹಲಿಗಿ ಉಸಿರಾಡ್ತದೋ ಇಲ್ಲೋ ನನಗ ಹೆಂಗ ಗೊತ್ತಾಗಬೇಕು?’ ಎಂದರು. ನಾವು ಚಹಾದ ಬಟ್ಟಲನ್ನು ನೋಡುತ್ತ ಕುಳಿತೆವು. ಎಷ್ಟು ಸರ್ಕೀಟು ಪುಸ್ತಕಗಳನ್ನು ಓದಿದರೂ ಈ ಪ್ರಶ್ನೆ ನಮಗೆ ತೋಚಿರಲಿಲ್ಲ.

ಹುಡುಗಿ ಅದೇ ವಾರ ಎರಡು ಕೆಲಸ ಮಾಡಿದಳು. ಪರದೆಯ ಬಲಮೂಲೆಯಲ್ಲಿ ಕಡಲೆಗಾತ್ರದ ಒಂದು ಚೌಕವನ್ನು ಇಟ್ಟಳು. ಸೆಕೆಂಡಿಗೊಮ್ಮೆ ಹತ್ತಿ ಆರುತ್ತದೆ, ಪ್ರತಿಸಲವೂ ಮುಖ್ಯ ಚಕ್ರ ಒಂದು ಸುತ್ತು ಬಂದಾಗ ಮಾತ್ರ. ಗಡಿಯಾರದ ಚಿಪ್ಪಿನ ಭರವಸೆಯಿಂದ ತಾನೇ ಮಿನುಗುವ ದೀಪವನ್ನು ಇಟ್ಟರೆ ಪ್ರಯೋಜನವಿಲ್ಲ. ಸತ್ತವನ ಕೈಯ ಗಡಿಯಾರವೂ ನಡೆಯುತ್ತಿರುತ್ತದೆ. ಎರಡನೆಯದು ವಾಚ್‌ಡಾಗ್. ಚಿಪ್ಪಿನೊಳಗೆ ಕಾವಲುನಾಯಿಯಂಥ ಒಂದು ಗಣಕ ಇದೆ. ಎಂಟು ಸೆಕೆಂಡಿನೊಳಗೆ ಪ್ರೋಗ್ರಾಮು ಅದರ ತಲೆ ಸವರದಿದ್ದರೆ ಬೋರ್ಡನ್ನೇ ಹೊಸದಾಗಿ ಆರಂಭಿಸಿಬಿಡುತ್ತದೆ. ಊನೋದಲ್ಲಿ ಇದು ಸರಿಯಾಗಿ ನಡೆಯುತ್ತದೆ. ಹಳೆಯ ಬೂಟ್‌ಲೋಡರು ಇರುವ ಕೆಲವು ನ್ಯಾನೋ ಬೋರ್ಡುಗಳಲ್ಲಿ ಮಾತ್ರ ಒಮ್ಮೆ ನಾಯಿ ಬೊಗಳಿದರೆ ಆರಂಭ, ಮರು ಆರಂಭ ಎಂದು ಸುತ್ತುತ್ತಲೇ ಉಳಿಯುವುದುಂಟು. ಅಂಥದನ್ನು ಇಟ್ಟುಕೊಂಡವರು ಮೊದಲು ಬೂಟ್‌ಲೋಡರನ್ನು ಬದಲಾಯಿಸಿಕೊಳ್ಳಲಿ. ಹೊಸದಾಗಿ ಆರಂಭವಾದಾಗ ಹಲಗೆ ‘ಮಾತ್ರೆ ಆಯಿತು’ ಎಂದು ತನ್ನಷ್ಟಕ್ಕೆ ಹೇಳಬಾರದು. ಇಇಪ್ರಾಮನ್ನು ಓದಿ, ಆ ಹೊತ್ತಿನ ಬಿಟ್ಟು ಇದ್ದರೆ ಮಾತ್ರ ಹೇಳಬೇಕು. ಇದನ್ನು ಪರೀಕ್ಷಿಸಲು ಅವಳು ಬೇಕೆಂದೇ ಪ್ರೋಗ್ರಾಮನ್ನು ಕೊನೆಯಿಲ್ಲದ ಸುತ್ತಿಗೆ ಸಿಕ್ಕಿಸಿ, ಅಜ್ಜಿಯ ಎದುರಿನಲ್ಲಿಯೇ ಹಲಗೆಯನ್ನು ಕೊಂದು ತೋರಿಸಿದಳು. ಚೌಕ ನಿಂತಿತು. ಅಜ್ಜಿ ಒಂದು, ಎರಡು ಎಂದು ಎಣಿಸಿದರು. ಏಳಕ್ಕೆ ಬರುವಷ್ಟರಲ್ಲಿ ಪರದೆ ಕಪ್ಪಾಗಿ, ಮತ್ತೆ ಹತ್ತಿ, ಚೌಕ ಮಿನುಗತೊಡಗಿತು. ಅವರ ಎಣಿಕೆ ಸ್ವಲ್ಪ ನಿಧಾನವೆಂದು ಕಾಣುತ್ತದೆ.

ಅಂದಿನಿಂದ ಹಲಗೆ ಅಡಿಗೆಮನೆಯ ಗೂಡಿನಲ್ಲಿ, ದೇವರ ದೀಪದ ಪಕ್ಕದಲ್ಲಿ ಇದೆ. ಕ್ಯಾಲೆಂಡರಿನ ಮೇಲೆ ಪೆನ್ಸಿಲಿನ ಗೀಟನ್ನು ಅಜ್ಜಿ ಇನ್ನೂ ನಿಲ್ಲಿಸಿಲ್ಲ. ನಿಲ್ಲಿಸಿರೆಂದು ನಾವೂ ಹೇಳಿಲ್ಲ. ಉಳಿದ ಜಾಗದ ಅಂಕಿಯನ್ನು ಹುಡುಗಿ ಪರದೆಯ ಎಡಮೂಲೆಯಲ್ಲಿ ಸಣ್ಣಗೆ ಬರೆಯಿಸುತ್ತಾಳೆ. ಮೊನ್ನೆ ನಾವು ಹೋದಾಗ ಬೆಳಿಗ್ಗೆ ೬೨೬ ಇದ್ದುದು ಸಂಜೆಗೂ ೬೨೬ ಇತ್ತು. ಅದೇನು ಅಂಕಿ, ಬಸ್ಸಿನ ನಂಬರೇ ಎಂದು ಅಜ್ಜಿ ಕೇಳಿದರು. ಒಳಗೆ ಉಳಿದಿರುವ ಜಾಗ ಎಂದಳು ಮೊಮ್ಮಗಳು. ಅಜ್ಜಿ ಕನ್ನಡಕ ಹಾಕಿಕೊಂಡು ಅದನ್ನೊಮ್ಮೆ ನೋಡಿ, ಅಡಿಗೆಮನೆಯನ್ನೊಮ್ಮೆ ನೋಡಿ, ‘ನಮ್ಮ ಮನಿಗಿಂತ ಅದೇ ವಾಸಿ ಬಿಡು’ ಎಂದರು.